ನಡೆಯುವಾಗ ಸುಮ್ಮನಿದ್ದ ಎದೆ, ಕಾಫಿಗೆ ಕೂತಾಗ ಯಾಕೆ ಸುಯ್‌ಗುಡುತ್ತದೆ?

ಪ್ರಶ್ನೆ: ಡಾಕ್ಟ್ರೇ, ನಮಸ್ಕಾರ. ನನಗೆ 64 ವರ್ಷ. ಮೈಸೂರಿನಲ್ಲಿ ಹೈಸ್ಕೂಲ್ ಮೇಷ್ಟ್ರಾಗಿದ್ದು ನಿವೃತ್ತನಾದವನು. ನಾವು ಐದು ಜನ ಗೆಳೆಯರು ದಿನಾ ಬೆಳಿಗ್ಗೆ ಐದೂವರೆಗೆ ಕುಕ್ಕರಹಳ್ಳಿ ಕೆರೆಯ ಗೇಟಿನ ಹತ್ತಿರ ಸೇರುತ್ತೇವೆ. ಒಂದು ಸುತ್ತು ಹಾಕಿ, ಹತ್ತಿರದ ಹೋಟೆಲಿನಲ್ಲಿ ಕಾಫಿ ಕುಡಿದು ಮನೆಗೆ. ಶನಿವಾರ, ಭಾನುವಾರ ಮಾತ್ರ ಹೋಟೆಲಿನಲ್ಲಿ ಒಂದು ಗಂಟೆ ಕೂರುತ್ತೇವೆ. ಯಾರ ಮನೆಗೆ ಯಾರು ಬಂದಿದ್ದರು, ಯಾರ ಮೊಮ್ಮಗಳು ಏನಂದಳು, ಈ ವಾರ ಸೊಗಡಿನ ಅವರೆಕಾಯಿ ಎಲ್ಲಿ ಸಿಕ್ಕಿತು, ಮುಂದಿನ ಭಾನುವಾರ ಎಲ್ಲಿಗೆ ಹೋಗೋಣ. ಇಷ್ಟೇ ಮಾತು.

ಡಿಸೆಂಬರ್ ಶುರುವಾದಾಗಿನಿಂದ ತೊಂದರೆ. ನಡೆಯುವಾಗ ಅಷ್ಟೇನೂ ಅನ್ನಿಸುವುದಿಲ್ಲ. ಹೋಟೆಲಿನಲ್ಲಿ ಕೂತು ಮಾತು ಶುರುವಾದ ಐದು-ಹತ್ತು ನಿಮಿಷಕ್ಕೆ ಕೆಮ್ಮು, ಎದೆ ಬಿಗಿತ, ಸುಯ್ ಅನ್ನುವ ಸದ್ದು. ಅರ್ಧ-ಮುಕ್ಕಾಲು ಗಂಟೆಯಲ್ಲಿ ತಾನಾಗಿಯೇ ಇಳಿಯುತ್ತದೆ. ಚಿಕ್ಕಂದಿನಲ್ಲಿ ಗೂರಲು ಇತ್ತು, ಆಮೇಲೆ ಹೋಗಿತ್ತು. ಬಿಪಿಗೆ ಎಂಟು ವರ್ಷದಿಂದ ಮಾತ್ರೆ ತೊಗೊಳ್ಳುತ್ತಿದ್ದೇನೆ. ಕಳೆದ ವರ್ಷ ಒಬ್ಬ ಡಾಕ್ಟರು ನೀಲಿ ಇನ್ಹೇಲರ್ ಕೊಟ್ಟಿದ್ದರು. ಗೆಳೆಯರ ಎದುರಿಗೆ ಎಳೆಯಲು ಸಂಕೋಚ. ತೀರಾ ಆದಾಗ ಹೋಟೆಲಿನ ಹಿಂದೆ ಹೋಗಿ ಎಳೆದು ಬರುತ್ತೇನೆ.

ಒಬ್ಬ ಗೆಳೆಯ ಕಾಫಿಯಿಂದ ಕಫ ಏಳುತ್ತದೆ ಅನ್ನುತ್ತಾನೆ. ಇನ್ನೊಬ್ಬ, ಮುಂಜಾನೆ ಗಾಳಿಯಲ್ಲಿ ಓಝೋನ್ ಇರುತ್ತೆ, ಅದೇ ಔಷಧಿ, ಬಿಡಬೇಡ ಅನ್ನುತ್ತಾನೆ. ಮತ್ತೊಬ್ಬ, ಕಿವಿ ಮುಚ್ಚಿಕೋ ಸಾಕು, ಇನ್ಹೇಲರ್ ಒಂದು ಸಲ ಅಭ್ಯಾಸವಾದರೆ ಬಿಡೋದಿಲ್ಲ ಅನ್ನುತ್ತಾನೆ. ಬೆಂಗಳೂರಿನಲ್ಲಿರುವ ಮಗಳು, ಚಳಿ ಮುಗಿಯುವ ತನಕ ಬೆಳಿಗ್ಗೆ ಹೊರಗೆ ಕಾಲಿಡಬೇಡಿ ಅಂತ ಕಟ್ಟಪ್ಪಣೆ ಮಾಡಿದ್ದಾಳೆ. ಹತ್ತು ದಿನದಿಂದ ಹೋಗಿಲ್ಲ. ಮನೆಯಲ್ಲಿ ಕೂತು ಕೂತು ಮನಸ್ಸಿಗೆ ಏನೂ ಬೇಡವಾಗಿದೆ. ಬರುವ ಭಾನುವಾರ ಅವರೆಲ್ಲ ಮೆಟ್ಟಿಲು ಹತ್ತಿ ಚಾಮುಂಡಿ ಬೆಟ್ಟಕ್ಕೆ ಹೋಗುತ್ತಾರೆ. ನಾನೂ ಹೋಗಬಹುದೇ? ಇಲ್ಲ, ಈ ವಯಸ್ಸಿಗೆ ಇದೆಲ್ಲ ಸಾಕು ಅನ್ನಬೇಕೇ?

ಉತ್ತರ: ಮೇಷ್ಟ್ರೇ, ನಮಸ್ಕಾರ. ನೀವು ಕೇಳಿದ್ದು ಎದೆಯ ಬಗ್ಗೆ. ಆದರೆ ಪತ್ರ ಓದುವಾಗ ನನಗೆ ಎದ್ದು ಕಂಡಿದ್ದು ಆ ಹತ್ತು ದಿನ. ನಿಮ್ಮ ಭಯ ಎರಡು. ಗೆಳೆಯರ ಜೊತೆ ಹೋದರೆ ಉಸಿರಿಗೆ ಏನಾದರೂ ಆದೀತು ಅನ್ನುವುದು ಒಂದು. ಹೋಗದೇ ಇದ್ದರೆ ಅವರೇ ಕೈತಪ್ಪಿ ಹೋದಾರು ಅನ್ನುವುದು ಇನ್ನೊಂದು. ಎರಡೂ ಸುಮ್ಮನೆ ಹುಟ್ಟಿದ ಭಯವಲ್ಲ. ಎರಡಕ್ಕೂ ದಾರಿ ಇದೆ.

ಮೊದಲು ಎದೆಯ ವಿಷಯ. ನಡೆಯುವಾಗ ಸುಮ್ಮನಿದ್ದು, ಕೂತ ಐದು-ಹತ್ತು ನಿಮಿಷಕ್ಕೆ ಶುರುವಾಗುತ್ತದೆ, ಅರ್ಧ-ಮುಕ್ಕಾಲು ಗಂಟೆಗೆ ಇಳಿಯುತ್ತದೆ ಅಂತ ಬರೆದಿದ್ದೀರಿ. ಇಷ್ಟು ಸ್ಪಷ್ಟವಾಗಿ ಹೇಳುವ ರೋಗಿಗಳು ಕಡಿಮೆ. ಅಸ್ತಮಾ ಇರುವವರಿಗೆ ನಡಿಗೆಯಿಂದ, ಓಟದಿಂದ ಬರುವ ಬಿಗಿತ ಬಹಳ ಸಲ ಹೀಗೇ ಇರುತ್ತದೆ. ಶ್ರಮ ನಿಂತ ಮೇಲೆ, ಐದರಿಂದ ಹತ್ತು ನಿಮಿಷದ ಹೊತ್ತಿಗೆ ಜೋರಾಗುತ್ತದೆ. ಆಮೇಲೆ ಅರ್ಧ ಗಂಟೆಯಿಂದ ಒಂದು ಗಂಟೆಯೊಳಗೆ ತಾನೇ ತಣ್ಣಗಾಗುತ್ತದೆ. ಅದಕ್ಕೇ ಜನ ತಪ್ಪನ್ನು ಕಾಫಿಯ ಮೇಲೆ ಹಾಕುತ್ತಾರೆ. ಲೋಟ ಕೈಗೆ ಬರುವುದೂ ಕೆಮ್ಮು ಬರುವುದೂ ಒಂದೇ ಹೊತ್ತಿಗೆ ಅಲ್ವಾ? ನಿಮ್ಮ ಕಾಫಿಯ ತಪ್ಪೇನೂ ಇಲ್ಲ. ಕೆಫೀನ್ ಉಸಿರಿನ ಕೊಳವೆಗಳನ್ನು ಒಂಚೂರು ಸಡಿಲ ಮಾಡುತ್ತದೆ. ಔಷಧಿ ಅನ್ನುವಷ್ಟು ಅಲ್ಲ, ಆದರೆ ಶತ್ರುವಂತೂ ಅಲ್ಲ.

ಇದೆಲ್ಲ ಯಾಕಾಗುತ್ತದೆ ಅನ್ನುವುದನ್ನು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ. ಇದು ತಿಳಿದರೆ ಮುಂದೆ ಏನು ಮಾಡಬೇಕು ಅನ್ನುವುದು ನಿಮಗೇ ಹೊಳೆಯುತ್ತದೆ.

ಹೊರಗಿನ ಗಾಳಿ ಎಷ್ಟೇ ತಣ್ಣಗಿರಲಿ, ಶ್ವಾಸಕೋಶದ ಒಳಕ್ಕೆ ಹೋಗುವಷ್ಟರಲ್ಲಿ ಅದು ಮೈಯಷ್ಟೇ ಬೆಚ್ಚಗೆ, ಪೂರ್ತಿ ಒದ್ದೆಯಾಗಬೇಕು. 37 ಡಿಗ್ರಿ. ಈ ಕೆಲಸದಲ್ಲಿ ದೊಡ್ಡ ಪಾಲು ಮೂಗಿನದು. ಇನ್ನು, ಮಂಜು ಬಿದ್ದ ಬೆಳಿಗ್ಗೆ ಗಾಳಿ ಒದ್ದೆ ಅಂತ ನಮಗೆ ಅನ್ನಿಸುತ್ತದೆ. ಆದರೆ ತಣ್ಣನೆ ಗಾಳಿಗೆ ನೀರು ಹಿಡಿದಿಟ್ಟುಕೊಳ್ಳುವ ಶಕ್ತಿಯೇ ಕಡಿಮೆ. 15 ಡಿಗ್ರಿಯಲ್ಲಿ ಒಂದು ಘನ ಮೀಟರ್ ಗಾಳಿಗೆ ಸುಮಾರು 13 ಗ್ರಾಂ ನೀರಾವಿಗಿಂತ ಜಾಸ್ತಿ ಹಿಡಿಯಲು ಆಗದು. 37 ಡಿಗ್ರಿಯಲ್ಲಿ ಅದೇ ಗಾಳಿಗೆ ಸುಮಾರು 44 ಗ್ರಾಂ ಬೇಕು. ಉಳಿದ 31 ಗ್ರಾಂ ಎಲ್ಲಿಂದ ಬರಬೇಕು? ನಿಮ್ಮ ಮೂಗು, ಗಂಟಲು, ಉಸಿರಿನ ಕೊಳವೆಯ ಒಳಪದರದಿಂದ. ಕಣ್ಣಿಗೆ ಕಾಣುವ ಮಂಜು ಎದೆಗೆ ಒಣ ಗಾಳಿಯೇ.

ಸುಮ್ಮನೆ ಕೂತಿದ್ದಾಗ ನಾವು ನಿಮಿಷಕ್ಕೆ ಆರೆಂಟು ಲೀಟರ್ ಗಾಳಿ ಎಳೆಯುತ್ತೇವೆ. ಚುರುಕಾಗಿ ನಡೆದರೆ ಅದು ಮೂರ್ನಾಲ್ಕು ಪಟ್ಟು ಆಗುತ್ತದೆ. ಮೂಗಿಗೆ ಕೆಲಸ ಜಾಸ್ತಿಯಾಗುತ್ತದೆ. ಮಾತಾಡುತ್ತಾ ನಡೆದರೆ? ಗಾಳಿ ಬಾಯಿಂದಲೇ ನುಗ್ಗುತ್ತದೆ, ಮೂಗಿನ ದಾರಿ ತಪ್ಪಿಹೋಗುತ್ತದೆ. ತಣ್ಣಗಿನ ಒಣ ಗಾಳಿ ನೇರವಾಗಿ ಒಳಗಿಳಿದು ಕೊಳವೆಯ ಪದರವನ್ನು ಒಣಗಿಸುತ್ತದೆ. ಅಲ್ಲಿ ಮೊದಲೇ ಸೂಕ್ಷ್ಮವಾಗಿರುವ ಸ್ನಾಯುಗಳು ಬಿಗಿಯುತ್ತವೆ. ಅದೇ ನಿಮ್ಮ 'ಸುಯ್'. ಅದರ ಮೇಲೆ ಜೋರು ನಗುವೂ ಅಸ್ತಮಾ ಕೆರಳಿಸುತ್ತದೆ. ವಾರವೆಲ್ಲ ಕೂಡಿಟ್ಟ ಸುದ್ದಿ ಶನಿವಾರ, ಭಾನುವಾರ ಹೊರಬರುವಾಗ ಮಾತೂ ಜಾಸ್ತಿ, ನಗುವೂ ಜಾಸ್ತಿ. ಆ ಎರಡು ದಿನ ನಿಮಗೆ ಹೆಚ್ಚು ತೊಂದರೆ ಆಗಿದೆಯಾ ಅಂತ ಒಮ್ಮೆ ನೆನಪು ಮಾಡಿಕೊಳ್ಳಿ.

ಹಾಗಂತ ಇದು ಅಸ್ತಮಾವೇ ಅಂತ ಪತ್ರ ನೋಡಿ ನಾನು ಮುದ್ರೆ ಒತ್ತುವುದಿಲ್ಲ. ನಿಮಗೆ 64, ಬಿಪಿ ಬೇರೆ ಇದೆ. ಎದೆ ಬಿಗಿತ ಅಂದಾಗ ಹೃದಯವನ್ನು ಮರೆಯುವ ಹಾಗಿಲ್ಲ. ಚಳಿಗೆ ಚರ್ಮದ ರಕ್ತನಾಳಗಳು ಕುಗ್ಗುತ್ತವೆ, ಬಿಪಿ ಏರುತ್ತದೆ. ಎದ್ದ ಮೊದಲ ಕೆಲವು ಗಂಟೆಗಳಲ್ಲಿ ಬಿಪಿ ಹೇಗೂ ಮೇಲೇ ಇರುತ್ತದೆ. ಹೃದಯಾಘಾತಗಳು ಬೆಳಗಿನ ಹೊತ್ತಿನಲ್ಲಿ ಹೆಚ್ಚು ಅನ್ನುವುದು ಎಷ್ಟೋ ವರ್ಷದಿಂದ ನಮಗೆ ಗೊತ್ತಿರುವ ವಿಷಯ. ಹೃದಯದ ಬಿಗಿತದ ನಡವಳಿಕೆ ಸಾಮಾನ್ಯವಾಗಿ ನೀವು ಹೇಳಿದ್ದಕ್ಕೆ ಉಲ್ಟಾ. ಏರು ಹತ್ತುವಾಗ, ನಡೆಯುತ್ತಿರುವಾಗ ಬರುತ್ತದೆ. ನಿಂತರೆ ಕೆಲವೇ ನಿಮಿಷಕ್ಕೆ ಇಳಿಯುತ್ತದೆ. ಎಡಗೈಗೆ, ದವಡೆಗೆ ಹರಡಬಹುದು, ಬೆವರು ಬರಬಹುದು. ಆದರೆ ವಯಸ್ಸಾದವರಲ್ಲಿ ಅದು ಬರೀ ಆಯಾಸವಾಗಿ, ದಮ್ಮಾಗಿ ಬರುವುದೂ ಉಂಟು. ಆದ್ದರಿಂದ ಈ ವಾರವೇ ಒಂದು ಇಸಿಜಿ ಮಾಡಿಸಿ. ಅದು ಸರಿ ಇದೆ ಅಂತ ಬಂದರೂ ಅಲ್ಲಿಗೇ ಬಿಡಬೇಡಿ. ನಡೆದ ಮೇಲೆ ಬರುವ ಬಿಗಿತದ ಬಗ್ಗೆ ಹೃದಯದ ಡಾಕ್ಟರಿಗೆ ಹೇಳಿದರೆ, ಟ್ರೆಡ್‌ಮಿಲ್ ಪರೀಕ್ಷೆ ಬೇಕಾ ಬೇಡವಾ ಅಂತ ಅವರು ನೋಡುತ್ತಾರೆ.

ಎದೆಗೆ ಬೇಕಾದ ಪರೀಕ್ಷೆ ಸ್ಪೈರೊಮೆಟ್ರಿ. ಒಂದು ಕೊಳವೆಯೊಳಕ್ಕೆ ಜೋರಾಗಿ ಊದುವುದು, ಅಷ್ಟೇ. ಸೂಜಿ ಇಲ್ಲ, ನೋವಿಲ್ಲ. ಊದಿದ ಮೇಲೆ ಇನ್ಹೇಲರ್ ಕೊಟ್ಟು ಹದಿನೈದು ನಿಮಿಷ ಬಿಟ್ಟು ಮತ್ತೆ ಊದಿಸುತ್ತಾರೆ. ಎರಡರ ನಡುವಿನ ವ್ಯತ್ಯಾಸ ಬಹಳಷ್ಟು ಹೇಳುತ್ತದೆ. ನೀವು ಬೀಡಿ, ಸಿಗರೇಟು ಸೇದುತ್ತಿದ್ದಿರಾ ಅಂತ ಬರೆದಿಲ್ಲ. ಸೇದಿದ್ದರೆ, ಅಥವಾ ವರ್ಷಗಟ್ಟಲೆ ಹಂಡೆ ಒಲೆಯ ಹೊಗೆ ಕುಡಿದಿದ್ದರೆ ಡಾಕ್ಟರಿಗೆ ಹೇಳಿ. ಆಗ ಸಿಒಪಿಡಿ ಅನ್ನುವ, ಉಸಿರಿನ ಕೊಳವೆಗಳು ಕಿರಿದಾಗಿಯೇ ಉಳಿಯುವ ಇನ್ನೊಂದು ಕಾಯಿಲೆಯನ್ನೂ ಹುಡುಕಬೇಕಾಗುತ್ತದೆ.

ಜೊತೆಗೆ ನಿಮ್ಮ ಬಿಪಿ ಮಾತ್ರೆಯ ಪಟ್ಟಿ ತೊಗೊಂಡು ಹೋಗಿ. ಇದನ್ನು ಎಷ್ಟೋ ಜನ ಮರೆಯುತ್ತಾರೆ. ಅಟೆನೊಲಾಲ್, ಪ್ರೊಪ್ರನೊಲಾಲ್ ಥರದ ಮಾತ್ರೆಗಳು ಅಸ್ತಮಾ ಇರುವವರ ಕೊಳವೆಯನ್ನು ಬಿಗಿಮಾಡಬಹುದು. ಎನಾಲಾಪ್ರಿಲ್, ರಾಮಿಪ್ರಿಲ್ ಥರದವು ಕೆಲವರಿಗೆ ಒಣ ಕೆಮ್ಮು ತರುತ್ತವೆ. ಮಂಡಿನೋವಿಗೆ ಅಂತ ನುಂಗುವ ಡಿಕ್ಲೊಫೆನಾಕ್, ಐಬುಪ್ರೊಫೆನ್ ಕೂಡ ಕೆಲವು ಅಸ್ತಮಾ ರೋಗಿಗಳಿಗೆ ಆಗುವುದಿಲ್ಲ. ದಯವಿಟ್ಟು ಯಾವುದನ್ನೂ ನೀವಾಗಿ ನಿಲ್ಲಿಸಬೇಡಿ. ಬಿಪಿ ಮಾತ್ರೆ ಒಮ್ಮೆಲೇ ಬಿಡುವುದು ಕೆಮ್ಮಿಗಿಂತ ದೊಡ್ಡ ಅಪಾಯ. ಬದಲಿ ಮಾತ್ರೆ ಬೇಕಾದಷ್ಟಿವೆ, ಡಾಕ್ಟರು ಬದಲಿಸಿ ಕೊಡುತ್ತಾರೆ.

ಈಗ ಗೆಳೆಯರ ಮಾತಿಗೆ ಬರೋಣ. ಅವರು ಹೇಳಿದ್ದೆಲ್ಲ ಪ್ರೀತಿಯಿಂದಲೇ. ಆದರೆ ಓಝೋನ್ ಮಾತು ತಪ್ಪು. ನಾನು ಓದುವ ಕಾಲದಲ್ಲೂ ಇದನ್ನು ಕೇಳಿದ್ದೆ. ನೆಲದ ಹತ್ತಿರ ಓಝೋನ್ ಆಗುವುದು ವಾಹನದ ಹೊಗೆಯ ಮೇಲೆ ಬಿಸಿಲು ಬಿದ್ದಾಗ. ಅಂದರೆ ಮಧ್ಯಾಹ್ನ. ಅದು ಶ್ವಾಸಕೋಶವನ್ನು ಕೆರಳಿಸುವ ಅನಿಲ, ಔಷಧಿಯಲ್ಲ. ಮುಂಜಾನೆ ಗಾಳಿಯೇ ಎಲ್ಲಕ್ಕಿಂತ ಶುದ್ಧ ಅನ್ನುವುದು ಮಳೆಗಾಲಕ್ಕೆ ಸರಿಹೋದೀತು. ಚಳಿಗಾಲಕ್ಕೆ ಅಷ್ಟು ಸರಿಯಲ್ಲ. ಮಾಗಿಯ ರಾತ್ರಿ ನೆಲ ಬೇಗ ತಣ್ಣಗಾಗುತ್ತದೆ. ನೆಲದ ಹತ್ತಿರದ ಗಾಳಿ ತಣ್ಣಗೆ, ಅದರ ಮೇಲಿನದು ಬೆಚ್ಚಗೆ. ಬೆಚ್ಚಗಿನ ಪದರ ಮುಚ್ಚಳದ ಹಾಗೆ ಕೂತುಬಿಡುತ್ತದೆ. ಕೆಳಗಿನ ಹೊಗೆ, ದೂಳು ಮೇಲೆ ಹೋಗಲು ದಾರಿ ಇಲ್ಲ. ಮೈಸೂರು ದೆಹಲಿಯಲ್ಲ, ನಿಜ. ಆದರೂ ರಸ್ತೆ ಬದಿ ಗುಡಿಸಿ ಸುಡುವ ಎಲೆ, ನೀರು ಕಾಯಿಸುವ ಒಲೆ, ಚಳಿ ಕಾಯಿಸಲು ಹಚ್ಚುವ ಬೆಂಕಿ, ಎಲ್ಲದರ ಹೊಗೆಯೂ ಆ ಹೊತ್ತಿನಲ್ಲಿ ನಿಮ್ಮ ಮೂಗಿನ ಮಟ್ಟದಲ್ಲೇ ಇರುತ್ತದೆ. ಬಿಸಿಲು ಬಿದ್ದು ನೆಲ ಕಾದ ಮೇಲೆ ಮುಚ್ಚಳ ಒಡೆಯುತ್ತದೆ. ಜನವರಿಯಲ್ಲಿ ನಿಮ್ಮಲ್ಲಿ ಸೂರ್ಯ ಹುಟ್ಟುವುದೇ ಆರೂ ಮುಕ್ಕಾಲರ ಹೊತ್ತಿಗೆ. ಐದೂವರೆ ಅಂದರೆ ಇಡೀ ದಿನದ ಅತಿ ತಣ್ಣನೆ ಹೊತ್ತಿಗೆ ತೀರಾ ಹತ್ತಿರ.

ಕಿವಿ ಮುಚ್ಚುವುದರಿಂದ ನಷ್ಟವಿಲ್ಲ, ಬೆಚ್ಚಗಿರುತ್ತದೆ. ಆದರೆ ಚಳಿ ಕಿವಿಯಿಂದ ಎದೆಗೆ ಇಳಿಯುವುದಿಲ್ಲ. ಅದು ಇಳಿಯುವುದು ಬಾಯಿ, ಮೂಗಿನಿಂದ. ಎಷ್ಟೋ ಜನ ಮಂಕಿ ಟೋಪಿ ಹಾಕಿ, ಅದನ್ನು ಗಲ್ಲದ ಕೆಳಗೆ ಎಳೆದುಕೊಂಡು, ಮಾತಾಡಲು ಬಾಯಿ ಬಿಟ್ಟುಕೊಂಡೇ ನಡೆಯುತ್ತಾರೆ. ಮಫ್ಲರನ್ನು ಮೂಗು, ಬಾಯಿ ಮುಚ್ಚುವ ಹಾಗೆ ಸಡಿಲವಾಗಿ ಸುತ್ತಿಕೊಳ್ಳಿ. ಬಿಡುವ ಉಸಿರಿನ ಬಿಸಿ, ತೇವ ಅದರಲ್ಲಿ ನಿಂತು, ಎಳೆಯುವ ಉಸಿರಿಗೆ ಸಿಗುತ್ತದೆ. ಇಷ್ಟು ಸಣ್ಣ ಕೆಲಸ ನನ್ನ ಎಷ್ಟೋ ರೋಗಿಗಳ ಚಳಿಗಾಲವನ್ನು ಹಗುರ ಮಾಡಿದೆ. ಇಬ್ಬನಿ ತಲೆ ಮೇಲೆ ಬಿದ್ದರೆ ನೆಗಡಿ ಅನ್ನುವುದೂ ಹಾಗೇ. ನೆಗಡಿ ತರುವುದು ವೈರಸ್, ಅದು ಬರುವುದು ಇನ್ನೊಬ್ಬರಿಂದ. ಚಳಿಗೆ ಕಿಟಕಿ ಬಾಗಿಲು ಹಾಕಿಕೊಂಡು ಹತ್ತಿರ ಹತ್ತಿರ ಕೂರುವುದರಿಂದ ಜಾಸ್ತಿ ಹರಡುತ್ತದೆ.

ಮೊಸರು, ಬಾಳೆಹಣ್ಣು ಬಿಡಬೇಕಾ ಅಂತ ಮುಂದಿನ ಪತ್ರದಲ್ಲಿ ಕೇಳುತ್ತೀರಿ, ಗೊತ್ತು. ತಿಂದಾಗ ನಿಮಗೆ ತೊಂದರೆ ಆಗುವುದನ್ನು ನೀವೇ ಕಂಡಿಲ್ಲ ಅಂದರೆ ಬಿಡಬೇಡಿ. ಕಷಾಯ ಗಂಟಲಿಗೆ ಹಿತ, ಕುಡಿಯಿರಿ. ಬಿಗಿದ ಕೊಳವೆಯನ್ನು ಅದು ಬಿಡಿಸುವುದಿಲ್ಲ.

ಇನ್ಹೇಲರ್ ವಿಷಯವನ್ನು ಮಾತ್ರ ಬೇಗ ಮುಗಿಸಲಾರೆ. ಇದೊಂದು ತಪ್ಪು ನಂಬಿಕೆ ನಮ್ಮ ಜನಕ್ಕೆ ಮಾಡಿರುವಷ್ಟು ಕೆಡುಕನ್ನು ಚಳಿ ಮಾಡಿಲ್ಲ. ನಿಮ್ಮ ನೀಲಿ ಇನ್ಹೇಲರಿನಲ್ಲಿ ಇರುವುದು ಬಹುಶಃ ಸಾಲ್ಬುಟಮಾಲ್. ಒಂದು ಸಲ ಒತ್ತಿದರೆ 100 ಮೈಕ್ರೋಗ್ರಾಂ ಬರುತ್ತದೆ. ಅದೇ ಔಷಧಿಯ ಮಾತ್ರೆ 4 ಮಿಲಿಗ್ರಾಂ, ಅಂದರೆ 4,000 ಮೈಕ್ರೋಗ್ರಾಂ. ಒಂದು ಮಾತ್ರೆಯಲ್ಲಿ 40 ಒತ್ತುಗಳಷ್ಟು ಔಷಧಿ. ಮಾತ್ರೆ ಹೊಟ್ಟೆಗೆ, ರಕ್ತಕ್ಕೆ, ಇಡೀ ಮೈಗೆ ಹೋಗಿ ಎದೆಗೆ ಬರಬೇಕು. ಇನ್ಹೇಲರ್ ಬೇಕಾದ ಜಾಗಕ್ಕೇ ಹೋಗುತ್ತದೆ. ಜನ ಮಾತ್ರೆ ನುಂಗಲು ಹಿಂದೆಮುಂದೆ ನೋಡುವುದಿಲ್ಲ, ಇನ್ಹೇಲರಿಗೆ ಹೆದರುತ್ತಾರೆ. ಅದು ಚಟ ಹಿಡಿಸುವ ವಸ್ತುವಲ್ಲ. ದಿನಾ ಬೇಕಾಗುತ್ತಿದೆ ಅಂದರೆ ಕಾಯಿಲೆ ಹತೋಟಿಯಲ್ಲಿಲ್ಲ ಅಂತ ಅರ್ಥ, ಅಭ್ಯಾಸವಾಯಿತು ಅಂತ ಅಲ್ಲ. ಕನ್ನಡಕ ಹಾಕಿದ್ದರಿಂದ ಕಣ್ಣು ಮಂಜಾಯಿತು ಅಂತ ಯಾರೂ ಹೇಳುವುದಿಲ್ಲವಲ್ಲ.

ಆದರೆ ನೀಲಿಯೊಂದನ್ನೇ ನೆಚ್ಚಿಕೊಳ್ಳುವುದೂ ತಪ್ಪು. ಅದು ಬಿಗಿತವನ್ನು ಬಿಡಿಸುತ್ತದೆ, ಒಳಗಿನ ಊತ ಹಾಗೇ ಉಳಿಯುತ್ತದೆ. ಊತಕ್ಕೆ ಬೇಕಾದ್ದು ಸಣ್ಣ ಪ್ರಮಾಣದ ಸ್ಟೀರಾಯ್ಡ್ ಇರುವ ಇನ್ಹೇಲರ್. ಜಿನಾ ಅನ್ನುವ ಅಂತರರಾಷ್ಟ್ರೀಯ ಅಸ್ತಮಾ ಮಾರ್ಗಸೂಚಿ 2019ರಿಂದ ಇದನ್ನೇ ಹೇಳುತ್ತಿದೆ. ದೊಡ್ಡವರಿಗೆ ಬರೀ ಸಾಲ್ಬುಟಮಾಲ್ ಕೊಟ್ಟು ಕಳಿಸಬೇಡಿ, ಜೊತೆಗೆ ಸ್ಟೀರಾಯ್ಡ್ ಇನ್ಹೇಲರ್ ಇರಲೇಬೇಕು ಅಂತ. ಸ್ಟೀರಾಯ್ಡ್ ಮತ್ತು ಕೊಳವೆಯ ಬಿಗಿತ ಬಿಡಿಸುವ ಫಾರ್ಮೊಟೆರಾಲ್ ಅನ್ನುವ ಔಷಧಿ ಎರಡೂ ಒಂದರಲ್ಲೇ ಇರುವ ಇನ್ಹೇಲರುಗಳೂ ಸಿಗುತ್ತವೆ. ನಿಮಗೆ ಯಾವುದು, ಎಷ್ಟು ಅನ್ನುವುದನ್ನು ಪರೀಕ್ಷೆ ನೋಡಿ ನಿಮ್ಮ ಡಾಕ್ಟರು ಹೇಳಬೇಕು. ಅಪಾಯಗಳನ್ನೂ ಹೇಳಿಬಿಡುತ್ತೇನೆ. ಸ್ಟೀರಾಯ್ಡ್ ಎಳೆದ ಮೇಲೆ ಬಾಯಿ ಮುಕ್ಕಳಿಸಿ ಉಗಿಯದಿದ್ದರೆ ಬಾಯಲ್ಲಿ ಬಿಳಿ ಹುಣ್ಣು ಬರಬಹುದು, ದನಿ ಒಡೆಯಬಹುದು. ನೀಲಿ ಜಾಸ್ತಿಯಾದರೆ ಕೈ ನಡುಗುತ್ತದೆ, ಎದೆ ಡವಡವ ಅನ್ನುತ್ತದೆ.

ಹೋಟೆಲಿನ ಹಿಂದೆ ನಿಂತು ಅವಸರದಲ್ಲಿ ಎಳೆದದ್ದರಲ್ಲಿ ಎಷ್ಟು ಒಳಗೆ ಹೋಯಿತೋ ಅನ್ನುವ ಚಿಂತೆಯೂ ನನಗಿದೆ. ಅದು ಹೆಚ್ಚಾಗಿ ನಾಲಿಗೆ ಮೇಲೆ, ಗಂಟಲಲ್ಲೇ ಉಳಿಯುತ್ತದೆ. ಕುಲುಕಿ. ಉಸಿರನ್ನು ಪೂರ್ತಿ ಬಿಡಿ. ಬಾಯಲ್ಲಿಟ್ಟು, ನಿಧಾನವಾಗಿ ಎಳೆಯಲು ಶುರುಮಾಡಿದಾಗ ಒತ್ತಿ. ಎಳೆದು ಹತ್ತು ಎಣಿಸುವ ತನಕ ಹಿಡಿದಿಡಿ. ಇನ್ನೊಂದು ಬೇಕಿದ್ದರೆ ಅರ್ಧ ನಿಮಿಷ ಬಿಟ್ಟು. ಕೈ, ಉಸಿರು ಹೊಂದುವುದಿಲ್ಲ ಅಂದರೆ ಸ್ಪೇಸರ್ ಅನ್ನುವ ಪ್ಲಾಸ್ಟಿಕ್ ಡಬ್ಬಿ ಸಿಗುತ್ತದೆ. ನಿಮ್ಮ ವಯಸ್ಸಿನವರಿಗೆಲ್ಲ ನಾನು ಅದನ್ನೇ ಕೊಡುತ್ತೇನೆ.

ಇನ್ನು ಮಗಳ ಅಪ್ಪಣೆ. ಅವಳ ಆತಂಕವನ್ನು ನಾನು ಚೆನ್ನಾಗಿ ಬಲ್ಲೆ. ದೂರದ ಊರಿನಲ್ಲಿದ್ದು ಫೋನಿನಲ್ಲಿ ಅಪ್ಪನ ಕೆಮ್ಮು ಕೇಳುವುದು ಸುಲಭವಲ್ಲ. ವೃತ್ತಿಯ ಮೊದಲ ವರ್ಷಗಳಲ್ಲಿ ನಾನೂ ಎಲ್ಲ ಹಿರಿಯರಿಗೂ ಇದನ್ನೇ ಹೇಳುತ್ತಿದ್ದೆ. ಚಳಿ ಮುಗಿಯುವ ತನಕ ಮನೆಯಲ್ಲಿರಿ. ಒಬ್ಬರು ನನ್ನ ಮಾತನ್ನು ಚಾಚೂ ತಪ್ಪದೆ ಪಾಲಿಸಿದರು. ಮಾರ್ಚಿನಲ್ಲಿ ವಾಪಸ್ ಬಂದಾಗ ಎದೆ ಪರವಾಗಿಲ್ಲ, ಆದರೆ ಕಾಲಿನ ಶಕ್ತಿ ಇಳಿದಿತ್ತು, ಊಟ ಸೇರುತ್ತಿರಲಿಲ್ಲ, ಪ್ರಶ್ನೆ ಕೇಳಿದರೆ ಒಂದೇ ಮಾತಿನ ಉತ್ತರ. ಅವರ ವಾಕಿಂಗ್ ಗುಂಪು ಅಷ್ಟರಲ್ಲಿ ಚದುರಿಹೋಗಿತ್ತು. ಆವತ್ತಿನಿಂದ ಆ ಸಲಹೆಯನ್ನು ನಾನು ಯಾರಿಗೂ ಸುಮ್ಮನೆ ಕೊಟ್ಟಿಲ್ಲ.

2010ರಲ್ಲಿ 148 ಅಧ್ಯಯನಗಳನ್ನು ಒಟ್ಟಿಗೆ ಸೇರಿಸಿ ನೋಡಿದ ಒಂದು ವಿಶ್ಲೇಷಣೆ ಬಂತು. 3 ಲಕ್ಷಕ್ಕೂ ಜಾಸ್ತಿ ಜನರ ಲೆಕ್ಕ. ಗಟ್ಟಿ ಒಡನಾಟ ಇದ್ದವರು ಆ ಅಧ್ಯಯನಗಳ ಅವಧಿಯಲ್ಲಿ ಬದುಕಿ ಉಳಿಯುವ ಸಾಧ್ಯತೆ, ಇಲ್ಲದವರಿಗಿಂತ ಸುಮಾರು 50% ಹೆಚ್ಚು ಅಂತ ಅದರಲ್ಲಿ ಕಂಡಿತು. ಗೆಳೆಯರಿದ್ದರೆ ಆಯಸ್ಸು ಬೆಳೆಯುತ್ತದೆ ಅಂತ ಇದರಿಂದ ನೇರವಾಗಿ ಹೇಳಲಾಗದು. ಆರೋಗ್ಯ ಇರುವವರಿಗೇ ಹೊರಗೆ ಹೋಗಿ ನಾಲ್ಕು ಜನರೊಡನೆ ಬೆರೆಯಲು ಆಗುವುದು, ಅದೂ ಇದರಲ್ಲಿ ಸೇರಿರುತ್ತದೆ. ಆದರೂ ಅವರೆಕಾಯಿಯ ಮಾತು, ಮೊಮ್ಮಗಳ ಮಾತು ಅಂತ ನೀವು 'ಇಷ್ಟೇ' ಅಂದಿರಲ್ಲ, ಅದನ್ನು ನಾನು ನಿಮ್ಮ ಔಷಧಿ ಚೀಟಿಯಲ್ಲಿ ಬರೆಯಲು ಹಿಂಜರಿಯುವುದಿಲ್ಲ.

ಹಾಗಾದರೆ ಏನು ಮಾಡಬಹುದು? ನಿಮ್ಮ ಜಾಗದಲ್ಲಿ ನಾನಿದ್ದರೆ ಹೊತ್ತು ಬದಲಿಸುತ್ತಿದ್ದೆ. ಐದೂವರೆಯ ಬದಲು ಏಳೂವರೆ, ಎಂಟು. ಗೇಟು ಯಾವಾಗ ಮುಚ್ಚುತ್ತಾರೆ ಅಂತ ವಿಚಾರಿಸಿಕೊಳ್ಳಿ. ಫೆಬ್ರವರಿ ಮುಗಿಯುವ ತನಕ ಸಾಕು. ಇದರಲ್ಲಿ ಆರೋಗ್ಯದ ಅಪಾಯ ಹೆಚ್ಚೇನಿಲ್ಲ. ತೊಂದರೆ ಇರುವುದು ಬೇರೆ ಕಡೆ. ಒಬ್ಬರಿಗೆ ಪೂಜೆ ಇರುತ್ತದೆ, ಧನುರ್ಮಾಸ ಅಂತ ದೇವಸ್ಥಾನ ಇರುತ್ತದೆ, ಇನ್ನೊಬ್ಬರು ಮೊಮ್ಮಗನನ್ನು ಶಾಲೆಗೆ ಬಿಡಬೇಕು. ವಾರದ ದಿನ ಆಗದಿದ್ದರೆ ಶನಿವಾರ, ಭಾನುವಾರ ಮಾತ್ರ ಎಲ್ಲರೂ ಎಂಟಕ್ಕೆ ಸೇರಬಹುದು. ನೀವು ಕೇಳಿದರೆ ಅವರು ಒಪ್ಪುತ್ತಾರೆ ಅಂತ ನನಗನ್ನಿಸುತ್ತದೆ. ಅವರಲ್ಲೂ ಇಬ್ಬರಿಗಾದರೂ ಆ ಚಳಿಯಲ್ಲಿ ಏಳುವುದು ಕಷ್ಟವೇ ಆಗಿರಬಹುದು, ಮೊದಲು ಹೇಳುವವರು ಯಾರು ಅಂತ ಕಾಯುತ್ತಿರಬಹುದು.

ಹೊತ್ತು ಬದಲಿಸಲು ಆಗದೇ ಹೋದರೆ, ನಡಿಗೆ ಬಿಟ್ಟು ಸೀದಾ ಹೋಟೆಲಿಗೆ ಹೋಗಿ ಅವರನ್ನು ಸೇರಿಕೊಳ್ಳಿ. ನಿಮ್ಮ ನಡಿಗೆ ಸಂಜೆ ನಾಲ್ಕೂವರೆಗೆ ಇರಲಿ. ಹೋಟೆಲಿನಲ್ಲಿ ಒಲೆಯ ಹೊಗೆ ಬರುವ ಕಡೆ, ಹೊರಗೆ ಸಿಗರೇಟು ಸೇದುವವರ ಕಡೆ ಕೂರಬೇಡಿ. ಇದರ ನಷ್ಟ ಏನೆಂದರೆ ಸಂಜೆ ಒಬ್ಬರೇ ನಡೆಯುವ ಉತ್ಸಾಹ ಬಹಳ ಜನಕ್ಕೆ ಎರಡು ವಾರದಲ್ಲಿ ಹೋಗುತ್ತದೆ.

ಐದೂವರೆಗೇ ಹೋಗುತ್ತೇನೆ ಅನ್ನುವುದಾದರೆ, ಅದೂ ಪರೀಕ್ಷೆ ಮುಗಿದು ಔಷಧಿ ಹಿಡಿದ ಮೇಲೆಯೇ. ಡಾಕ್ಟರು ಹೇಳಿದ್ದರೆ ಹೊರಡುವ ಹತ್ತು-ಹದಿನೈದು ನಿಮಿಷ ಮುಂಚೆ ಇನ್ಹೇಲರ್ ಎಳೆಯಿರಿ. ಮೊದಲ ಹತ್ತು-ಹದಿನೈದು ನಿಮಿಷ ಬಹಳ ನಿಧಾನ. ಹೀಗೆ ಮೈ ಬೆಚ್ಚಗಾದರೆ ಎಷ್ಟೋ ಜನಕ್ಕೆ ಆಮೇಲಿನ ಬಿಗಿತ ಕಡಿಮೆಯಾಗುತ್ತದೆ. ಆ ಹೊತ್ತಿನಲ್ಲಿ ಮಫ್ಲರ್ ಬಾಯಿ ಮೇಲೆ, ಉಸಿರು ಮೂಗಿನಲ್ಲಿ, ಮಾತು ಇಲ್ಲ. ನೀವು ಕೇಳಿ, ಅವರು ಹೇಳಲಿ. ನಿಮ್ಮ ಸುದ್ದಿ ಹೋಟೆಲಿಗೆ ಇಟ್ಟುಕೊಳ್ಳಿ. ಕೊನೆಗೂ ಒಮ್ಮೆಲೇ ನಿಲ್ಲದೆ ಐದು ನಿಮಿಷ ನಿಧಾನಕ್ಕೆ ಬನ್ನಿ. ಮಂಜು ದಟ್ಟವಾಗಿರುವ ದಿನ, ಹೊಗೆ ವಾಸನೆ ಬರುವ ದಿನ, ನೆಗಡಿ ಇರುವ ದಿನ ಹೋಗಬೇಡಿ. ಇಷ್ಟೆಲ್ಲ ಮಾಡಿದರೂ ಚಳಿಯಲ್ಲಿ ಬಿಪಿ ಏರುವ ಅಪಾಯ ಹಾಗೇ ಉಳಿಯುತ್ತದೆ. ಅದಕ್ಕೇ ಈ ದಾರಿಯನ್ನು ನಾನು ಕೊನೆಗೆ ಇಟ್ಟಿದ್ದೇನೆ.

ನಡೆಯುವಾಗ ಎಷ್ಟು ವೇಗ ಸರಿ ಅನ್ನುವುದಕ್ಕೆ ಗಡಿಯಾರ, ಮೀಟರ್ ಏನೂ ಬೇಡ. ಆಗೊಮ್ಮೆ ಈಗೊಮ್ಮೆ ಪಕ್ಕದವರಿಗೆ ಒಂದು ಪೂರ್ತಿ ವಾಕ್ಯ ಹೇಳಿ ನೋಡಿ. ನಡುವೆ ಉಸಿರಿಗೆ ನಿಲ್ಲದೆ ಹೇಳಲು ಆದರೆ ವೇಗ ಸರಿ ಇದೆ. ಎರಡು ಮಾತಿಗೆ ಒಂದು ಸಲ ದಮ್ಮು ಎಳೆಯಬೇಕಾದರೆ ಜಾಸ್ತಿಯಾಯಿತು. ವೈದ್ಯರೂ ಬಳಸುವ ಪರೀಕ್ಷೆಯೇ ಇದು.

ಮನೆಯಲ್ಲೂ ಒಂದೆರಡು ನೋಡಿಕೊಳ್ಳಿ. ಚಳಿಗೆ ಅಂತ ಅಟ್ಟದಿಂದ ಇಳಿಸಿದ ಕಂಬಳಿ, ರಗ್ಗು, ಸ್ವೆಟರುಗಳಲ್ಲಿ ದೂಳಿನ ನುಸಿ ಇರುತ್ತದೆ. ರಾತ್ರಿಯಿಡೀ ಅದನ್ನೇ ಹೊದ್ದರೆ ಬೆಳಗಿನ ಕೆಮ್ಮಿಗೆ ಅದೂ ಕಾರಣವಾದೀತು. ಬಿಸಿನೀರಲ್ಲಿ ಒಗೆಯಲು ಬರುವುದನ್ನು ಒಗೆದು, ಉಳಿದದ್ದನ್ನು ಚೆನ್ನಾಗಿ ಕೊಡವಿ ಬಿಸಿಲಿಗೆ ಹಾಕಿಸಿ. ಕೊಡವುವ ಕೆಲಸ ನೀವು ಮಾಡಬೇಡಿ. ಕೋಣೆಯಲ್ಲಿ ಸೊಳ್ಳೆ ಬತ್ತಿ ಹಚ್ಚಬೇಡಿ, ಪರದೆ ಕಟ್ಟಿ. ಫ್ಲೂ ಲಸಿಕೆ ವರ್ಷಕ್ಕೊಮ್ಮೆ, ನ್ಯುಮೋನಿಯಾ ಲಸಿಕೆಯ ಬಗ್ಗೆಯೂ ಡಾಕ್ಟರನ್ನು ಕೇಳಿ.

ಬೆಟ್ಟದ ಮಾತು. ಬರುವ ಭಾನುವಾರ ಮೆಟ್ಟಿಲು ಬೇಡ ಮೇಷ್ಟ್ರೇ. ಇದನ್ನು ಖಚಿತವಾಗಿ ಹೇಳುತ್ತೇನೆ. ಸಾವಿರ ಮೆಟ್ಟಿಲು, ತಣ್ಣನೆ ಹೊತ್ತು, ಪರೀಕ್ಷೆ ಆಗದ ಹೃದಯ, ಹತೋಟಿಗೆ ಬಾರದ ಎದೆ, ನಾಲ್ಕೂ ಒಟ್ಟಿಗೆ ಸೇರಬಾರದು. ಅರ್ಧದಾರಿಯಲ್ಲಿ ತೊಂದರೆಯಾದರೆ ಇಳಿಸಿ ತರುವುದೂ ಕಷ್ಟ. ಆದರೆ ಬೆಟ್ಟಕ್ಕೇ ಹೋಗಬೇಡಿ ಅಂತ ನಾನು ಹೇಳುತ್ತಿಲ್ಲ. ಬಸ್ಸಿನಲ್ಲೋ ಆಟೋದಲ್ಲೋ ಮೇಲೆ ಹೋಗಿ, ಅವರು ಹತ್ತಿ ಬರುವ ಹೊತ್ತಿಗೆ ಅಲ್ಲಿರಿ. ದರ್ಶನ ಮಾಡಿ, ಜೊತೆಗೆ ತಿಂಡಿ ತಿಂದು, ಜೊತೆಗೇ ಇಳಿಯಿರಿ. ಇಸಿಜಿ, ಸ್ಪೈರೊಮೆಟ್ರಿ ಸರಿಯಾಗಿ ಬಂದು, ಔಷಧಿ ಶುರುವಾಗಿ, ನಾಲ್ಕು ವಾರ ಸಮತಟ್ಟಿನಲ್ಲಿ ತೊಂದರೆ ಇಲ್ಲದೆ ನಡೆದ ಮೇಲೆ ಡಾಕ್ಟರನ್ನು ಕೇಳಿ. ಅವರು ಹೂಂ ಅಂದರೆ ದೊಡ್ಡ ನಂದಿಯ ತನಕ ಗಾಡಿಯಲ್ಲಿ ಹೋಗಿ, ಅಲ್ಲಿಂದ ಉಳಿದ ಮೆಟ್ಟಿಲು ನಿಧಾನವಾಗಿ ಹತ್ತಿ. ಕೆಳಗಿನ ಕಡಿದಾದ ಭಾಗ ತಪ್ಪುತ್ತದೆ. ಹತ್ತುವಾಗ ಎದೆ ಬಿಗಿಯಾದರೆ ಅಲ್ಲೇ ಕೂತುಬಿಡಿ, 'ಇನ್ನೊಂದೈದು ಮೆಟ್ಟಿಲು' ಅನ್ನಬೇಡಿ. ಇನ್ಹೇಲರಿಗೂ ಬಗ್ಗದಿದ್ದರೆ, ಒಂದು ವಾಕ್ಯ ಪೂರ್ತಿ ಹೇಳಲು ಆಗದಿದ್ದರೆ, ತುಟಿ ನೀಲಿಗಟ್ಟಿದರೆ, ನೋವು ಕೈಗೋ ದವಡೆಗೋ ಹೋದರೆ 108ಕ್ಕೆ ಫೋನ್ ಮಾಡಬೇಕು. ಈ ಮಾತು ಬೆಟ್ಟಕ್ಕೆ ಮಾತ್ರ ಅಲ್ಲ, ಕೆರೆಯ ದಂಡೆಗೂ ಅನ್ವಯ.

ಆ ಹೊತ್ತಿನಲ್ಲಿ ಫೋನ್ ಮಾಡುವವರು ನಿಮ್ಮ ಗೆಳೆಯರೇ. ಅದಕ್ಕಾಗಿ ಅವರಿಗೆ ಗೊತ್ತಿರಬೇಕು. ನಾಳೆಯೇ ಹೋಟೆಲಿಗೆ ಹೋಗಿ, ಕಾಫಿ ಬರುವ ಮುಂಚೆ ಇನ್ಹೇಲರನ್ನು ಮೇಜಿನ ಮೇಲಿಡಿ. ಇದು ಯಾಕೆ, ಹೇಗೆ ಎಳೆಯುವುದು, ಮಾತ್ರೆಗಿಂತ ಇದರಲ್ಲಿ ಔಷಧಿ ಎಷ್ಟು ಕಡಿಮೆ ಅಂತ ಹೇಳಿ. ಎಷ್ಟೋ ವರ್ಷ ಮಕ್ಕಳಿಗೆ ಪಾಠ ಹೇಳಿದವರು ನೀವು. ನಾಲ್ಕು ಗೆಳೆಯರಿಗೆ ಹತ್ತು ನಿಮಿಷದ ಪಾಠ ಹೇಳುವುದು ನಿಮಗೆ ಕಷ್ಟವಾಗದು. ಮಗಳಿಗೂ ಅವರಲ್ಲಿ ಒಬ್ಬರ ನಂಬರ್ ಕೊಡಿ. ಇನ್ಹೇಲರನ್ನು ದಿನಾ ಒಂದೇ ಜೇಬಿನಲ್ಲಿ ಇಡಿ, ಯಾವ ಜೇಬು ಅನ್ನುವುದು ನಾಲ್ವರಿಗೂ ಗೊತ್ತಿರಲಿ.